ಸೋಪಮ್ಮನ ಮೂಗು

ಹೆರಿಗೆ ವಾರ್ಡಿನ ಬಾಗಿಲು ದಾಟಿದ ಕೂಡಲೇ ಎಡಗಡೆಗೆ ಒಂದು ದೊಡ್ಡ ಬಿಳಿ ತೊಟ್ಟಿ. ಅದರ ಮೇಲೆ ಮೊಣಕೈಯಿಂದಲೇ ತಿರುಗಿಸಬಹುದಾದ ಉದ್ದ ಹಿಡಿಕೆಯ ನಲ್ಲಿ, ಪಕ್ಕದಲ್ಲಿ ಸೋಪಿನ ಸೀಸೆ. ಸೀಸೆಯ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಂದವರ ಉಗುರನ್ನೇ ಮೊದಲು ನೋಡಿ ಆಮೇಲೆ ಮುಖ ನೋಡುವ ಹೆಡ್ ನರ್ಸ್ ಇದ್ದಾಳಲ್ಲ, ಅವಳೇ ಸೋಪಮ್ಮ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಅವಳ ಎದೆಯ ಮೇಲಿನ ಗುರುತಿನ ಚೀಟಿಯಲ್ಲಿ ಒಂಟಿಯಾಗಿ ನೇತಾಡುತ್ತಿತ್ತು, ಯಾರೂ ಅದನ್ನು ಮಾತಾಡಿಸುತ್ತಿರಲಿಲ್ಲ.

ಕೈ ತೊಳೆಯದೆ ಅವಳನ್ನು ದಾಟಿ ಒಳಗೆ ಹೋದ ಮನುಷ್ಯ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಅವನೂ ಅದೇ ವಾರ್ಡಿನಲ್ಲಿ ಅವಳ ಕೈಯಲ್ಲೇ ಹುಟ್ಟಬೇಕು, ಬಿಡಿ. ಎಷ್ಟು ಹೊತ್ತು ತೊಳೆಯಬೇಕು ಅನ್ನುವುದಕ್ಕೆ ಗಡಿಯಾರ ಬೇಕಿರಲಿಲ್ಲ. ಸೋಪಮ್ಮ ಬಾಯಿ ಮುಚ್ಚಿಕೊಂಡು ಒಂದು ಗುನುಗು ಶುರು ಮಾಡುತ್ತಿದ್ದಳು. ಅದಕ್ಕೆ ಮಾತಿಲ್ಲ, ರಾಗವೂ ಅಷ್ಟಕ್ಕಷ್ಟೆ. ಗುನುಗು ಮುಗಿಯುವವರೆಗೂ ಉಜ್ಜುತ್ತಿರಬೇಕು, ಅಷ್ಟೇ ಕಾನೂನು. ಅವಳಿಗೆ ನಿಮ್ಮ ಮೇಲೆ ಪ್ರೀತಿಯಿದ್ದರೆ ಗುನುಗು ಸರಾಗವಾಗಿ ಓಡುತ್ತಿತ್ತು. ಕೋಪವಿದ್ದರೆ ಒಂದೊಂದು ಎಳೆಯನ್ನೂ ಎಳೆದೂ ಎಳೆದೂ, ನಡುವೆ ಉಸಿರು ತೆಗೆದುಕೊಂಡು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಅಷ್ಟರಲ್ಲಿ ನಿಮ್ಮ ಅಂಗೈ ಮುದುಡಿ ಮುದುಕರ ಕೆನ್ನೆಯಾಗಿರುತ್ತಿತ್ತು.

ಈ ಗುನುಗನ್ನು ಅತಿ ಹೆಚ್ಚು ಕೇಳಿದವರು ಮಕ್ಕಳ ಡಾಕ್ಟರು. ಆರಡಿ ಎತ್ತರದ ಆಳು, ಹೊರಗೆ ದೊಡ್ಡ ಹೆಸರು, ತೊಟ್ಟಿಯ ಮುಂದೆ ಮಾತ್ರ ಪಾಠ ಮರೆತ ವಿದ್ಯಾರ್ಥಿ.

"ಹೆಬ್ಬೆರಳು ಬಿಟ್ರಿ, ಡಾಕ್ಟ್ರೇ."

"ತೊಳೆದ್ನಲ್ಲ ಸಿಸ್ಟರ್?"

"ತೊಳೆದಿದ್ದು ಎಡಗೈದು. ಬಲಗೈ ಹೆಬ್ಬೆರಳು ಪಕ್ಕದ ಮನೆಯವರದಾ? ಹತ್ತರಲ್ಲಿ ಒಂಬತ್ತು ತೊಳೆದವರನ್ನ ನಾನು ಒಳಗೆ ಬಿಡೋಲ್ಲ. ಮತ್ತೆ ಶುರು ಮಾಡಿ."

ಡಾಕ್ಟರು ಮತ್ತೆ ಶುರು ಮಾಡುತ್ತಿದ್ದರು. ಗುನುಗೂ ಮತ್ತೆ ಶುರುವಾಗುತ್ತಿತ್ತು.

ಇಷ್ಟು ಕೇಳಿದರೆ ಸೋಪಮ್ಮ ಬರೀ ಗಟವಾಣಿ ಅನ್ನಿಸುತ್ತದೆ. ಹಾಗೇನಿಲ್ಲ. ಮಗು ಹುಟ್ಟಿತೋ, ಅವಳ ಮುಖವೇ ಬೇರೆ. ಒರೆಸಿ, ಸುತ್ತಿ, ಅಂಗೈ ಮೇಲೆ ತಲೆ ಇಟ್ಟುಕೊಂಡು, ಅಮ್ಮನ ಕೈಗೆ ಕೊಡುವ ಮೊದಲು ಬಾಯಿ ಮೂಗಿನ ಮೇಲಿದ್ದ ಮಾಸ್ಕನ್ನು ಗದ್ದಕ್ಕೆ ಜಾರಿಸಿ ಆ ಹಸಿ ನೆತ್ತಿಯನ್ನು ಒಮ್ಮೆ ಮೂಸುತ್ತಿದ್ದಳು. ಕಣ್ಣು ಮುಚ್ಚಿ, ಎದೆ ತುಂಬ, ಉಸಿರಿನ ಕೊನೆಯವರೆಗೂ. ಆಮೇಲೆ ತೀರ್ಪು ಕೊಡುತ್ತಿದ್ದಳು. "ನಿಮ್ಮವಳದು ಈಗ ತಾನೇ ಬೆಂದ ಬ್ರೆಡ್ಡಿನ ವಾಸನೆ." "ಇವನದು ಹೊಸ ಪುಸ್ತಕ ಬಿಚ್ಚಿದ ಹಾಗಿದೆ." ಒಂದು ಸಲ "ಹೊಸ ಚಪ್ಪಲಿ" ಅಂದುಬಿಟ್ಟಳು. ವಾರ್ಡಿಗೆ ವಾರ್ಡೇ ಗಪ್‌ಚಿಪ್. ಆದರೆ ಆ ಮಗುವಿನ ಅಪ್ಪ ಚಪ್ಪಲಿ ಅಂಗಡಿಯವನು, ಖುಷಿಯಿಂದ ಕುಣಿದಾಡಿಬಿಟ್ಟ. ತಾಯಂದಿರಿಗೆ ಮಗುವಿನ ತೂಕ ಮರೆತುಹೋದರೂ ಸೋಪಮ್ಮ ಹೇಳಿದ ವಾಸನೆ ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಸಿಕ್ಕ ಮೀಸೆ ಹೊತ್ತ ಗಂಡಸರು, "ಸಿಸ್ಟರ್, ನಾನು ಒದ್ದೆ ಮಣ್ಣು, ನೆನಪಿದೆಯಾ?" ಎಂದು ಪರಿಚಯ ಹೇಳಿಕೊಳ್ಳುತ್ತಿದ್ದರು.

ಅವಳ ಸ್ವಂತ ಮಗಳು ಹುಟ್ಟಿದಾಗ ಬಂದದ್ದು ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. "ಅದು ನನ್ನ ಕಡೆಯ ಗುಣ" ಎಂದು ಅವನು ಇವತ್ತಿಗೂ ಎದೆಯುಬ್ಬಿಸುತ್ತಾನೆ. ಆ ಮಗಳು ಈಗ ಬಸುರಿ. ಎರಡು ಬೀದಿ ಆಚೆ ಅವಳ ಮನೆ, ಹೆರಿಗೆ ಅಮ್ಮನ ವಾರ್ಡಿನಲ್ಲೇ. ಊರಿನ ಅರ್ಧ ಜನರ ನೆತ್ತಿ ಮೂಸಿದ ಸೋಪಮ್ಮನಿಗೆ ಈಗ ಇದ್ದದ್ದು ಒಂದೇ ಆಸೆ. ಮಗಳ ಮಗು ಭೂಮಿಗೆ ಬಿದ್ದಾಗ ಮೊದಲು ಹಿಡಿಯುವ ಕೈ ತನ್ನದಾಗಬೇಕು, ಮೊದಲು ಮೂಸುವ ಮೂಗೂ ತನ್ನದೇ ಆಗಬೇಕು. ಮಗಳೂ ಅಷ್ಟೇ, "ಅಮ್ಮ, ನನ್ನ ಪಾಪು ಏನು ವಾಸನೆ ಅಂತ ನೀನೇ ಹೇಳ್ಬೇಕು, ಅಲ್ಲೀತನಕ ಯಾರೂ ಮುಟ್ಟೋ ಹಾಗಿಲ್ಲ" ಎಂದು ಊರಿಗೆಲ್ಲ ಸಾರಿದ್ದಳು.

ಆ ಹೊತ್ತಿಗೇ ವಾರ್ಡಿನಲ್ಲಿ ಗುಳ್ಳೆಗಳು ಕಾಣಿಸಿಕೊಂಡವು.

ಮೊದಲು ಒಂದು ಮಗುವಿನ ತಲೆಯ ಮೇಲೆ ಸಾಸಿವೆಯಷ್ಟು ಕೀವಿನ ಗುಳ್ಳೆ. ಆಮೇಲೆ ಇನ್ನೊಂದಕ್ಕೆ, ಮತ್ತೊಂದಕ್ಕೆ. ಕೊನೆಗೆ ಒಂದು ಹೆಣ್ಣುಮಗುವಿಗೆ ಜ್ವರ ಏರಿತು. ಎಲ್ಲ ಮಕ್ಕಳಿಗೂ ಕೊಡುವ ಔಷಧಿ ಕೊಟ್ಟರು, ಜ್ವರ ಜಪ್ಪಯ್ಯ ಅನ್ನಲಿಲ್ಲ. ಬೆರಳು ದಪ್ಪದ ತೋಳಿಗೆ ಸೂಜಿ ಚುಚ್ಚಿ, ಬೇರೆ ಬಿರುಸಾದ ಔಷಧಿ ಹನಿಹನಿಯಾಗಿ ಹರಿಸಿದ ಮೇಲೆ ಮಗು ಕಣ್ಣು ಬಿಟ್ಟು ಹಾಲು ಕುಡಿಯಿತು. ಅಲ್ಲಿಯವರೆಗೆ ಸೋಪಮ್ಮ ಮನೆಯಲ್ಲಿ ನೆಟ್ಟಗೆ ಊಟ ಮಾಡಲಿಲ್ಲ. ಲ್ಯಾಬಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದರು: ಎಲ್ಲ ಗುಳ್ಳೆಗಳಲ್ಲೂ ಒಂದೇ ರೋಗಾಣು, ಮಾಮೂಲಿ ಔಷಧಿಗಳಿಗೆ ಬಗ್ಗದ ಜಾತಿಯದು. ಮಕ್ಕಳು ಒಬ್ಬರಿಂದೊಬ್ಬರಿಗೆ ಹಂಚಿಕೊಂಡದ್ದಲ್ಲ, ಕೆಲಸದವರಲ್ಲೇ ಯಾರೋ ಹೊತ್ತು ತಂದು ಕೊಡುತ್ತಿದ್ದಾರೆ.

ಸೋಪಮ್ಮ ಕೆರಳಿದಳು. ತನ್ನ ವಾರ್ಡಿನಲ್ಲಿ! ತನ್ನ ತೊಟ್ಟಿಯ ಮುಂದೆಯೇ ಹಾದು! ಅಪರಾಧಿಯನ್ನು ಹಿಡಿಯಲು ಅವಳು ಅಕ್ಷರಶಃ ಕೈ ತೊಳೆದುಕೊಂಡು ಹಿಂದೆ ಬಿದ್ದಳು. ಲ್ಯಾಬಿನ ಡಾಕ್ಟರಮ್ಮ ಕುಳ್ಳಗೆ, ತೆಳ್ಳಗೆ, ಮೆಲುದನಿಯವರು. ಎಲ್ಲರ ಮೂಗಿನಿಂದಲೂ ಕೈಯಿಂದಲೂ ಹತ್ತಿ ಸುತ್ತಿದ ಕಡ್ಡಿಯಲ್ಲಿ ಮಾದರಿ ತೆಗೆಯಬೇಕು ಎಂದಾಗ, ಸಾಲು ನಿಲ್ಲಿಸಿದವಳು ಸೋಪಮ್ಮ, ತಲೆ ಹಿಂದಕ್ಕೆ ಬಗ್ಗಿಸಿ ಹಿಡಿದವಳೂ ಸೋಪಮ್ಮ. ಕಸ ಗುಡಿಸುವವಳು ಸೀನಿದಳು, ಅವಳ ಮೇಲೆ ಅನುಮಾನ. ಅಡುಗೆಮನೆಯವನು ನಕ್ಕ, ಅವನ ಮೇಲೂ ಅನುಮಾನ. ಮಕ್ಕಳ ಡಾಕ್ಟರ ಮೇಲಂತೂ ಅನುಮಾನವೇ ಇಲ್ಲ, ಖಾತ್ರಿ.

"ಅವರ ಮೂಗಿನೊಳಗೆ ಇನ್ನೊಂದು ಸುತ್ತು ತಿರುಗಿಸಿ ಡಾಕ್ಟ್ರಮ್ಮ. ಹೆಬ್ಬೆರಳೇ ತೊಳೆಯದವರು."

"ಸಿಸ್ಟರ್, ಕಣ್ಣಲ್ಲಿ ನೀರು ಬರ್ತಿದೆ!"

"ಬರ್ಲಿ. ತಪ್ಪು ಮಾಡಿದವರಿಗೇ ಮೊದಲು ಬರೋದು."

ಎಲ್ಲರದೂ ಮುಗಿದ ಮೇಲೆ, ಡಾಕ್ಟರಮ್ಮ ಕಡ್ಡಿ ಹಿಡಿದು ಅವಳತ್ತ ತಿರುಗಿದರು. ಸೋಪಮ್ಮ "ನಂದೂ ಬೇಕಾ?" ಎಂದು ನಕ್ಕು, ಶಾಸ್ತ್ರಕ್ಕೆ ಇರಲಿ ಅಂತ ಮುಖ ಎತ್ತಿದಳು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಅವಳನ್ನು ಲ್ಯಾಬಿಗೆ ಕರೆಸಿಕೊಂಡರು. ಅಲ್ಲಿ ಮಕ್ಕಳ ಡಾಕ್ಟರೂ ಇದ್ದರು, ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಸೋಪಮ್ಮ ಒಳಗೆ ಕಾಲಿಟ್ಟವಳೇ, "ನಂಗೊತ್ತಿತ್ತು, ಇವರೇ ಅಂತ" ಎಂದಳು.

"ಅವರದು ಏನೂ ಇಲ್ಲ" ಎಂದರು ಡಾಕ್ಟರಮ್ಮ. "ಎಲ್ಲರದೂ ಕ್ಲೀನ್. ನಿಮ್ಮದೊಂದು ಬಿಟ್ಟು."

ಸೋಪಮ್ಮ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಹೇಳಿರಬಹುದು ಅಂತ. ಹಿಂದೆ ಬಾಗಿಲಿತ್ತು. "ಕಡ್ಡಿ ಅದಲು ಬದಲಾಗಿದೆ" ಎಂದಳು. ಆಗಿರಲಿಲ್ಲ. "ನನ್ನ ಕೈ ನೋಡಿ, ಈ ಕೈಯಲ್ಲಿ ರೋಗಾಣು ಅಂದ್ರೆ ಅದಕ್ಕೇ ನಾಚಿಕೆ ಆಗುತ್ತೆ" ಎಂದು ಹತ್ತೂ ಬೆರಳು ಚಾಚಿದಳು. ಡಾಕ್ಟರಮ್ಮ ಒಪ್ಪಿಕೊಂಡರು, ಕೈಗಳ ಮಾದರಿ ಹೊಳೆಯುವಷ್ಟು ಚೊಕ್ಕಟವಾಗಿತ್ತು. ರೋಗಾಣು ಇದ್ದದ್ದು ಮೂಗಿನಲ್ಲಿ. ನೋವಿಲ್ಲ, ನೆಗಡಿಯಿಲ್ಲ, ಸುಮ್ಮನೆ ಬಾಡಿಗೆಗೆ ಕೂತ ಹಾಗೆ ಕೂತಿತ್ತು.

"ಮೂಗಿಂದ ಮಕ್ಕಳ ತಲೆಗೆ ಹೇಗೆ ಹೋಯ್ತು ಅನ್ನೋದು ಗೊತ್ತಾಗ್ತಿಲ್ಲ" ಎಂದರು ಡಾಕ್ಟರಮ್ಮ. ಅವರು ಹೆರಿಗೆಯ ಹೊತ್ತಿನಲ್ಲಿ ವಾರ್ಡಿಗೆ ಬಂದವರೇ ಅಲ್ಲ. "ಮಗು ಹುಟ್ಟಿದಾಗಿಂದ ಅಮ್ಮನ ಕೈಗೆ ಕೊಡೋವರೆಗೂ ಏನೇನು ಮಾಡ್ತೀರೋ ತೋರಿಸ್ತೀರಾ?" ಎಂದು, ತಮ್ಮ ಕುರ್ಚಿಯ ಮೇಲಿದ್ದ ದಿಂಬನ್ನು ಕೊಟ್ಟರು.

ಸೋಪಮ್ಮ ರೋಷದಿಂದಲೇ ದಿಂಬು ತೆಗೆದುಕೊಂಡಳು. ಕೈ ತೊಳೆದಳು, ಗುನುಗು ಪೂರ್ತಿ. ದಿಂಬನ್ನು ಒರೆಸಿದಳು. ಸುತ್ತಿದಳು. ತಲೆಯ ಜಾಗಕ್ಕೆ ಅಂಗೈ ಕೊಟ್ಟು ಎತ್ತಿದಳು. ಕೈ ತಾನಾಗಿ ಮಾಸ್ಕಿಗೆ ಹೋಯಿತು, ಅದನ್ನು ಗದ್ದಕ್ಕೆ ಜಾರಿಸಿತು, ಮೂಗು ತಾನಾಗಿ ಬಗ್ಗಿತು, ಕಣ್ಣು ಮುಚ್ಚಿತು, ಎದೆ ತುಂಬ ಉಸಿರು...

ಮಕ್ಕಳ ಡಾಕ್ಟರು ಕಿಟಕಿಯಿಂದ ಈಚೆಗೆ ತಿರುಗಿದ್ದರು. ಸೋಪಮ್ಮ ಮೂಗನ್ನು ದಿಂಬಿನಲ್ಲಿ ಹುದುಗಿಸಿಕೊಂಡೇ ಕಣ್ಣು ಬಿಟ್ಟಳು.

"ಅಯ್ಯೋ" ಎಂದಳು ದಿಂಬಿನೊಳಗಿನಿಂದ.

ಅವಳಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಊರಿನ ಹೆಬ್ಬೆರಳುಗಳನ್ನೆಲ್ಲ ಕಾಯ್ದವಳು ತನ್ನ ಮುಖದ ನಟ್ಟನಡುವೆ ಇರುವುದನ್ನೇ ಕಾಯಲಿಲ್ಲವಲ್ಲ! ನಾಚಿಕೆಗಿಂತ ಹೆಚ್ಚು ಸಂಕಟ, ಆ ಬೆರಳು ದಪ್ಪದ ತೋಳು ಕಣ್ಣ ಮುಂದೆಯೇ ನಿಂತುಬಿಟ್ಟಿತು. ಅಲ್ಲಿಂದ ನೇರ ಹೋದದ್ದು ಆ ಮಗುವಿನ ತಾಯಿಯ ಬಳಿಗೆ. ಹೊಸ ಮಾಸ್ಕನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡು ಬಾಗಿಲಲ್ಲೇ ನಿಂತು, "ನನ್ನ ಮೂಗಿಂದ ಬಂದಿದ್ದು, ಕ್ಷಮಿಸಮ್ಮ" ಎಂದು ಒಂದೇ ಉಸಿರಿಗೆ ಹೇಳಿ ಅತ್ತಳು. ಆ ತಾಯಿ ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಹೇಳಿದಳು: "ಸಿಟ್ಟು ಬರ್ತಿದೆ ಸಿಸ್ಟರ್, ಬರಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನೀವು ಇವಳದು ಮಳೆ ನಿಂತ ಮೇಲಿನ ಕಿಟಕಿ ವಾಸನೆ ಅಂದಿದ್ರಲ್ಲ, ಅದನ್ನ ಮಾತ್ರ ವಾಪಸ್ ತಗೋಬೇಡಿ."

ಚಿಕಿತ್ಸೆ ಶುರುವಾಯಿತು. ಮೂಗಿಗೆ ಮುಲಾಮು, ಮೈಗೆ ಗುಲಾಬಿ ಬಣ್ಣದ ದ್ರವದ ಸ್ನಾನ, ದಿಂಬಿನ ಚೀಲ, ಟವೆಲ್ಲು ಎಲ್ಲ ಕುದಿಯುವ ನೀರಿಗೆ. ಮುಲಾಮು ನಿಲ್ಲಿಸಿದ ಮೇಲೆ ಮೂರು ಬಾರಿ ಪರೀಕ್ಷೆ. ಮೂರೂ ಚೊಕ್ಕಟ ಬಂದರೆ ಮಾತ್ರ ವಾರ್ಡು, ಮಗು, ಮಗಳ ಹೆರಿಗೆ. ಅಲ್ಲಿಯವರೆಗೆ ಅವಳನ್ನು ಮುಂಬಾಗಿಲ ಟೆಲಿಫೋನಿನ ಮುಂದೆ ಕೂರಿಸಿದರು. ಫೋನ್ ಮಾಡಿದವರಿಗೆಲ್ಲ "ರಿಸೀವರ್ ಹಿಡಿಯೋಕ್ ಮುಂಚೆ ಕೈ ತೊಳೆದ್ರಾ?" ಎಂದು ಕೇಳತೊಡಗಿದಳು. ಇಬ್ಬರು ಹೆದರಿ ಫೋನ್ ಇಟ್ಟರು. ಒಬ್ಬ ಪಾಪ, ತೊಳೆದುಕೊಂಡು ಬಂದು ಮತ್ತೆ ಮಾಡಿದ.

ಮೊದಲ ಪರೀಕ್ಷೆಯಲ್ಲೇ ರೋಗಾಣು ಮತ್ತೆ ಹಾಜರ್. ಡಾಕ್ಟರಮ್ಮ ಮೆಲ್ಲಗೆ ಕೇಳಿದರು, "ಮನೆಯಲ್ಲಿ ನಿಮ್ಮ ಹತ್ತಿರ ಮಲಗೋರು ಯಾರು?"

ದರ್ಜಿ ಹೌಹಾರಿದ. "ನಾನಾ? ನಾನು ಆಸ್ಪತ್ರೆ ಮೆಟ್ಟಿಲು ಹತ್ತಿದವನೇ ಅಲ್ಲ! ಇಷ್ಟು ವರ್ಷ ಇವಳಿಗೆ ಹೇಳ್ತಾನೇ ಇದೀನಿ, ಆಸ್ಪತ್ರೆನ ಮನೆಗೆ ತರಬೇಡ ಅಂತ!" ಕೊನೆಗೆ ಹೆಂಡತಿಯೇ ಅವನ ಹಣೆ ಹಿಂದಕ್ಕೆ ಒತ್ತಿ ಹಿಡಿದಳು. ಕಡ್ಡಿ ಹೋಯಿತು, ಬಂತು. ಅವನ ಮೂಗಿನಲ್ಲೂ ಅದೇ ರೋಗಾಣು, ಅದೇ ಜಾತಿ.

ಆ ದಿನ ಸೋಪಮ್ಮ ನಕ್ಕಷ್ಟು ಮದುವೆಯಾದ ಹೊಸತರಲ್ಲೂ ನಕ್ಕಿರಲಿಲ್ಲ. "ಮನೆನ ಆಸ್ಪತ್ರೆಗೆ ತಂದವರು ನೀವು!" "ಇಲ್ಲ, ನೀನೇ ಕೊಟ್ಟಿದ್ದು!" "ನಿಮ್ಮ ಗೊರಕೆಯಿಂದ ಬಂದಿದ್ದು!" ಯಾರಿಂದ ಯಾರಿಗೆ ಅನ್ನುವುದು ದೇವರಾಣೆಗೂ ಗೊತ್ತಾಗುವುದಿಲ್ಲ ಎಂದು ಡಾಕ್ಟರಮ್ಮ ಕೈಚೆಲ್ಲಿದರು. ಇಬ್ಬರೂ ಮೂಗಿಗೆ ಮುಲಾಮು ಬಳಿದುಕೊಂಡು, ಗುಲಾಬಿ ಸ್ನಾನ ಮಾಡಿ, ಎದುರುಬದುರು ಕುರ್ಚಿಯಲ್ಲಿ ಮಿರಮಿರ ಮಿಂಚುವ ಮೂಗುಗಳನ್ನು ಹೊತ್ತು ಕೂತಿದ್ದನ್ನು ಮಗಳು ಕಿಟಕಿಯಾಚೆಯಿಂದ ನೋಡಿ, ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ, ಇಲ್ಲೇ ಹೆತ್ತುಬಿಡ್ತೀನಿ" ಎಂದಳು. ದರ್ಜಿ ಹೂವಿನ ಬಟ್ಟೆಯಲ್ಲಿ ಇಬ್ಬರಿಗೂ ಒಂದೇ ಥರದ ಮಾಸ್ಕ್ ಹೊಲಿದ. ಉಳಿದ ತುಂಡಿನಲ್ಲಿ ಅಂಗೈಯಗಲದ ಒಂದು ಅಂಗಿ.

ಈ ಸಲ ಮೊದಲ ಪರೀಕ್ಷೆ ಚೊಕ್ಕಟ. ಎರಡನೆಯದೂ ಚೊಕ್ಕಟ. ಮೂರನೆಯದಕ್ಕೆ ಮಾದರಿ ಕೊಟ್ಟು ಬಂದು ಫೋನಿನ ಮುಂದೆ ಕೂತಿದ್ದಾಳೆ, ಬೆಳಗಿನ ಬಿಸಿಲು ಇನ್ನೂ ಮೆಟ್ಟಿಲ ಮೇಲಿದೆ, ಫೋನ್ ಹೊಡೆದುಕೊಂಡಿತು.

"ಕೈ ತೊಳೆದ್ರಾ?"

"ಅತ್ತೆ, ನಾನು! ನೋವು ಶುರುವಾಗಿದೆ! ಕಾರು ಸ್ಟಾರ್ಟ್ ಆಗ್ತಿಲ್ಲ! ಆಯ್ತು, ಸ್ಟಾರ್ಟ್ ಆಯ್ತು! ಬರ್ತಿದೀವಿ!"

ಮಧ್ಯಾಹ್ನದ ಹೊತ್ತಿಗೆ ಹೆರಿಗೆ ಕೋಣೆಯ ಹೊರಗೆ ಒಂದು ಜಾತ್ರೆಯಷ್ಟು ಗಲಾಟೆ, ಇದ್ದದ್ದು ಮೂರೇ ಜನ. ಅಳಿಯ ಮೊಣಕಾಲುಗಳ ನಡುವೆ ತಲೆ ಹುದುಗಿಸಿ ಕೂತಿದ್ದ, ಒಳಗೆ ಹೋಗಿ ಅರ್ಧ ನಿಮಿಷಕ್ಕೆ ತಲೆ ತಿರುಗಿ ಹೊರಗೆ ಬಂದವನು. ದರ್ಜಿ ಹೂವಿನ ಮಾಸ್ಕಿನಲ್ಲಿ, ಪುಟ್ಟ ಅಂಗಿಯನ್ನು ಮಡಿಸುವುದು, ಬಿಚ್ಚುವುದು, ಮಡಿಸುವುದು. ಸೋಪಮ್ಮ ಹೂವಿನ ಮಾಸ್ಕಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ. ಬಾಗಿಲು ತೆರೆದು ಮಕ್ಕಳ ಡಾಕ್ಟರು ತಲೆ ಹಾಕಿದರು.

"ಸಿಸ್ಟರ್, ಇನ್ನೇನು ಆಯ್ತು. ಅಮ್ಮ ಬೇಕು ಅಂತಿದಾರೆ. ಎರಡು ಸಲ ಕ್ಲೀನ್ ಬಂದಿದೆ, ಮೂರನೇದೂ ಹಾಗೇ ಬರುತ್ತೆ. ಬನ್ನಿ. ನಾನು ಯಾರಿಗೂ ಹೇಳಲ್ಲ."

ಒಳಗಿಂದ ಮಗಳ ಕೂಗು, "ಅಮ್ಮಾ!"

ಸೋಪಮ್ಮ ತೊಟ್ಟಿಗೆ ಓಡಿದಳು. ಮೊಣಕೈಯಿಂದ ನಲ್ಲಿ ತಿರುಗಿಸಿದಳು, ಸೋಪು, ಗುನುಗು. ಹತ್ತೂ ಬೆರಳು ಉಜ್ಜಿದಳು, ನೀರು ಸೋರುವ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಬಾಗಿಲವರೆಗೂ ಬಂದಳು. ಡಾಕ್ಟರು ಬದಿಗೆ ಸರಿದು ದಾರಿ ಬಿಟ್ಟರು. ಅಷ್ಟು ದಿನ ಕಾದ ಆಸೆ ಎರಡು ಹೆಜ್ಜೆ ಆಚೆಗಿತ್ತು. ಒಳಗೆ ಹೋದರೆ ತನ್ನ ಕೈ ಮಾಸ್ಕಿಗೆ ಹೋಗದೆ ಇರುತ್ತದೆಯೇ? ದಿಂಬನ್ನೇ ಬಿಡದ ಕೈ ಅದು. ಅವಳು ಅಲ್ಲೇ ನಿಂತುಬಿಟ್ಟಳು.

"ನೀವೇ ಹಿಡೀರಿ ಮಗುನ" ಎಂದಳು.

"ಯಾಕೆ ಸಿಸ್ಟರ್? ಕೈ ತೊಳೆದ್ರಲ್ಲ?"

"ಹೆಬ್ಬೆರಳು ಬಾಕಿ ಇದೆ, ಡಾಕ್ಟ್ರೇ" ಎಂದು ತನ್ನ ಮೂಗು ತೋರಿಸಿದಳು. ಕಣ್ಣೀರು ಒರೆಸಿಕೊಳ್ಳೋಣ ಎಂದರೆ ಕೈ ತೊಳೆದು ಆಗಿದೆ, ಮುಖ ಮುಟ್ಟುವ ಹಾಗಿಲ್ಲ. ಹಾಗೇ ಹರಿಯಲು ಬಿಟ್ಟಳು. "ಮಗಳಿಗೆ ಹೇಳಿ, ನಾನು ಇಲ್ಲೇ ಇದೀನಿ ಅಂತ. ಮತ್ತೆ ನೀವು, ಇನ್ನೊಂದು ಸಲ ತೊಳೀರಿ. ನಾನು ಗುನುಗ್ತೀನಿ."

ಡಾಕ್ಟರು ತೊಳೆದರು. ಅವರ ಜೀವಮಾನದ ಅತಿ ಉದ್ದದ ಗುನುಗು ಅದು. ನಡುವೆ ಎರಡು ಕಡೆ ಬಿಕ್ಕಿತು, ಆದರೂ ಒಂದು ಎಳೆಯೂ ಬಿಟ್ಟುಹೋಗಲಿಲ್ಲ. ಬಲಗೈ ಹೆಬ್ಬೆರಳನ್ನು ಅವರು ಹೇಳಿಸಿಕೊಳ್ಳದೆಯೇ ಎರಡು ಸಲ ಉಜ್ಜಿದರು.

ಮಗು ಹುಟ್ಟಿತು. ಹೆಣ್ಣು. ಕೂಗಿಗೆ ಅಳಿಯ ಎದ್ದು ನಿಂತು, ಮತ್ತೆ ಕೂತ. ತಾಯಿ, ಮಗು ಇಬ್ಬರನ್ನೂ ಪಕ್ಕದ ಕೋಣೆಗೆ ತಂದರು. ಆ ಕೋಣೆಗೂ ಓಣಿಗೂ ನಡುವೆ ಅರ್ಧ ಗೋಡೆ, ಅರ್ಧ ಗಾಜು. ಡಾಕ್ಟರು ಮಗುವನ್ನು ಸುತ್ತಿ ಎತ್ತಿಕೊಂಡು ಗಾಜಿನ ಹತ್ತಿರ ಬಂದರು. ಕೆಂಪಗೆ ಮುಷ್ಟಿ ಕಟ್ಟಿ, ಇಡೀ ಜಗತ್ತಿನ ಮೇಲೆ ಸಿಟ್ಟಾಗಿದ್ದ ಮುಖ. ಆಮೇಲೆ ಅವರು, ಯಾರೂ ಹೇಳಿಕೊಡದೆಯೇ, ಮಗುವನ್ನು ಮೆಲ್ಲಗೆ ಬಗ್ಗಿಸಿ ಆ ಒದ್ದೆ ನೆತ್ತಿಯನ್ನು ಗಾಜಿನತ್ತ ತಂದರು.

"ಗಾಜಿಗೆ ತಾಗಿಸ್ಬೇಡಿ!" ಎಂದು ಕಿರುಚಿದಳು ಸೋಪಮ್ಮ.

ಡಾಕ್ಟರು ಬೆರಳಗಲ ದೂರದಲ್ಲಿ ನಿಲ್ಲಿಸಿದರು. ಸೋಪಮ್ಮ ಗಾಜಿನ ಈಚೆ ಹತ್ತಿರ ಸರಿದಳು. ಹೂವಿನ ಮಾಸ್ಕನ್ನು ಗದ್ದಕ್ಕೆ ಜಾರಿಸಿದಳು. ಕಣ್ಣು ಮುಚ್ಚಿದಳು. ಮೂಗನ್ನು ಗಾಜಿಗೆ ಒತ್ತಿ, ಎದೆ ತುಂಬ, ಉಸಿರಿನ ಕೊನೆಯವರೆಗೂ ಎಳೆದುಕೊಂಡಳು.

ಹಾಸಿಗೆಯ ಮೇಲಿಂದ ಮಗಳು ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದಳು, "ಏನ್ ವಾಸನೆ ಅಮ್ಮಾ?"

ಸೋಪಮ್ಮ ಕಣ್ಣು ಬಿಟ್ಟಳು.

"ಫಿನಾಯಿಲ್!" ಎಂದಳು. "ಫಿನಾಯಿಲ್ ಕಣೇ! ನೆಲ ಒರೆಸಿದ ಬಟ್ಟೇಲೇ ಗಾಜು ಒರೆಸಿದಾರೆ, ದರಿದ್ರದವರು!"

ಒಳಗೆ ಮಗಳು ನಕ್ಕಳು, ನಗುತ್ತ ನೋವಿಗೆ ಅಯ್ಯಯ್ಯೋ ಅಂದಳು, ಮತ್ತೆ ನಕ್ಕಳು. ಡಾಕ್ಟರ ಭುಜ ಕುಲುಕಿ ಅವರ ತೋಳಲ್ಲಿದ್ದ ಮಗುವೂ ಕುಲುಕಿತು. ದರ್ಜಿ ಮಾತ್ರ "ಇಸ್ತ್ರಿ ವಾಸನೆ ಒಂಚೂರಾದ್ರೂ ಇಲ್ವಾ?" ಎಂದು ಹೆಂಡತಿಯ ಭುಜ ಹಿಡಿದು ಕೇಳುತ್ತಲೇ ಇದ್ದ.

ಸೋಪಮ್ಮ ಗಾಜನ್ನೇ ನೋಡುತ್ತಿದ್ದಳು. ಗಾಜಿನ ಮೇಲೆ ಅವಳ ಉಸಿರಿನ ಮಂಜು, ಅದರ ನಡುವೆ ದುಂಡಗೆ ಒಂದು ಮೂಗಿನ ಗುರುತು. ಗುರುತಿನ ಆಚೆ ಮೊಮ್ಮಗಳ ನೆತ್ತಿ. ಅವಳು ಮಾಸ್ಕನ್ನು ಮತ್ತೆ ಮೇಲೆಳೆದುಕೊಂಡಳು, ತೊಟ್ಟಿಯ ಬಳಿಯಿಂದ ಔಷಧಿ ನೀರಿನ ಸೀಸೆ ಮತ್ತು ಒಗೆದ ಬಟ್ಟೆ ತಂದಳು. ನಗು, ಅಳು ಎರಡೂ ನಿಂತಿರಲಿಲ್ಲ, ಅವುಗಳ ನಡುವೆಯೇ ಗುನುಗು ಶುರು ಮಾಡಿ, ಅದು ಮುಗಿಯುವವರೆಗೂ ಆ ಗುರುತನ್ನು ಉಜ್ಜಿದಳು.